ಅನುಭವಿಸಿದವಳೇ ಅಕ್ಕನಾಗಲಿ



ವರದಕ್ಷಿಣೆ ಮತ್ತು ಮನೆಯೊಳಗಿನ ಹಿಂಸೆಯ ವಿರುದ್ಧ ನಿಂತ ಪತ್ರಿಕೆಯಲ್ಲಿ ಎಚ್‌ಐವಿಯ ಮಾತು ಏಕೆ ಎಂದು ನಿಮ್ಮಲ್ಲಿ ಕೆಲವರು ಕೇಳಬಹುದು. ಅದು ಆರೋಗ್ಯ ಇಲಾಖೆಯ ಕೆಲಸ, ಡಿಸೆಂಬರ್ 1ರಂದು ಶಾಲೆಯ ಮಕ್ಕಳಿಗೆ ಕೆಂಪು ರಿಬ್ಬನ್ ಚುಚ್ಚಿ ಮೆರವಣಿಗೆ ಮಾಡಿಸುವವರ ಕೆಲಸ ಎಂಬ ಮಾತು ಇದೆ. ಆದರೆ ಈ ಸೋಂಕು ನಮ್ಮ ಹೆಂಗಸರ ಮೈಗೆ ಬಂದ ದಾರಿಯನ್ನು ನೋಡಿ. ನಮ್ಮ ಹಳ್ಳಿಗಳ ಬಹುಪಾಲು ಹೆಂಗಸರಿಗೆ ಅದು ಬಂದದ್ದು ತಾಳಿ ಕಟ್ಟಿಸಿಕೊಂಡು ಹೋದ ಮನೆಯಲ್ಲಿ, ಕಟ್ಟಿದವನಿಂದಲೇ. ತವರಿನವರು ಹೊಲ ಒತ್ತೆಯಿಟ್ಟು ಬಂಗಾರ ಕೊಟ್ಟರು, ಕೈಗಡಿಯಾರ, ಮೋಟಾರ್ ಸೈಕಲ್ ಕೊಟ್ಟರು, ಜಾತಕ ತೋರಿಸಿದರು, ಗೋತ್ರ ಕೇಳಿದರು. ಹುಡುಗನ ಆರೋಗ್ಯ ಹೇಗಿದೆ ಎಂದು ಕೇಳಲು ಮಾತ್ರ ಯಾರಿಗೂ ಬಾಯಿ ಬರಲಿಲ್ಲ. ಕೇಳಿದರೆ ಸಂಬಂಧ ಮುರಿಯುತ್ತದೆ ಎಂಬ ಹೆದರಿಕೆ. ಕೊಡುವವರು ಕೇಳಬಾರದು, ತೆಗೆದುಕೊಳ್ಳುವವರು ಹೇಳಬೇಕಾಗಿಲ್ಲ ಎಂಬ ಈ ಕಟ್ಟಳೆಯೇ ವರದಕ್ಷಿಣೆಯ ಬೇರು. ಎಚ್‌ಐವಿ ಅದೇ ಬೇರಿನ ಮೇಲೆ ಹತ್ತಿಕೊಂಡಿತು.

ನಾನು ಐರಣಿಯವಳು. ರಾಣೆಬೆನ್ನೂರು ತಾಲೂಕಿನಲ್ಲಿ ತುಂಗಭದ್ರೆಯ ದಂಡೆಯ ಊರು, ಹಳೆಯ ಕೋಟೆ, ಹೊಳೆಮಠ ಇರುವ ಊರು. ಕಾಲೇಜಿನಲ್ಲಿ ಸಮಾಜಶಾಸ್ತ್ರ ಕಲಿಸಿ ನಿವೃತ್ತಳಾದ ಮೇಲೆ ಇಲ್ಲಿಯ ಸ್ವಸಹಾಯ ಸಂಘಗಳ ಲೆಕ್ಕ ಪತ್ರ ನೋಡುತ್ತ ಕುಳಿತವಳು. ನಮ್ಮ ಹೆಂಗಸರು ಬೀಜೋತ್ಪಾದನೆಯ ಹೊಲಗಳಲ್ಲಿ ಕ್ರಾಸಿಂಗ್ ಕೆಲಸಕ್ಕೆ ಹೋಗುತ್ತಾರೆ, ಸುಗ್ಗಿಯಲ್ಲಿ ಬ್ಯಾಡಗಿಯ ಕಡೆ ಮೆಣಸಿನಕಾಯಿ ತೊಟ್ಟು ಬಿಡಿಸಲು ಹೋಗುವವರೂ ಇದ್ದಾರೆ. ಗಂಡಸರು ಲಾರಿ ಹತ್ತುತ್ತಾರೆ, ಗೌಂಡಿ ಕೆಲಸಕ್ಕೆ ಪಟ್ಟಣ ಸೇರುತ್ತಾರೆ. ಪುಣೆಯಿಂದ ಬೆಂಗಳೂರಿಗೆ ಹೋಗುವ ಹೆದ್ದಾರಿ ಹಾವೇರಿ, ರಾಣೆಬೆನ್ನೂರು ಮುಟ್ಟಿಯೇ ಹೋಗಬೇಕು. ಅದಕ್ಕೇ ಈ ರೋಗ ಲಾರಿಯವರದ್ದು ಎಂಬ ಗಾದೆಯಂಥ ಮಾತು ನಮ್ಮ ಭಾಗದಲ್ಲಿ ಹುಟ್ಟಿಕೊಂಡಿತು. ಅದನ್ನು ನಾನು ಒಪ್ಪುವುದಿಲ್ಲ. ಮಾಸ್ತರರಿಗೂ ಬಂದಿದೆ, ಗುತ್ತಿಗೆದಾರರಿಗೂ ಬಂದಿದೆ, ಮಠಕ್ಕೆ ದಿನಾ ನಡೆದುಕೊಳ್ಳುವವರಿಗೂ ಬಂದಿದೆ. ಲಾರಿಯವನ ಹೆಸರು ಹೇಳಿದರೆ ಉಳಿದವರ ಮನೆಯ ಗುಟ್ಟು ಉಳಿಯುತ್ತದೆ, ಅಷ್ಟೇ.

ನಮ್ಮ ಭಾಗದ ಒಬ್ಬ ಹೆಣ್ಣುಮಗಳ ಮಾತು ಹೇಳುತ್ತೇನೆ. ಹೆಸರು, ಊರು ಬೇಡ. ಬಸುರಿದ್ದಾಗ ಸರಕಾರಿ ಆಸ್ಪತ್ರೆಯಲ್ಲಿ ಎಲ್ಲ ಬಸುರಿಯರಿಗೂ ಮಾಡುವಂತೆ ರಕ್ತ ಪರೀಕ್ಷೆ ಮಾಡಿದರು. ಸೋಂಕು ಇದೆ ಎಂದಾಯಿತು. ಗಂಡನ ಪರೀಕ್ಷೆ ಅಲ್ಲಿಯವರೆಗೆ ಆಗಿರಲಿಲ್ಲ. ಮೊದಲು ಗೊತ್ತಾದದ್ದು ಇವಳಿಗೆ, ಆದ್ದರಿಂದ ತಂದವಳೂ ಇವಳೇ ಎಂದು ಮನೆಯಲ್ಲಿ ತೀರ್ಪಾಯಿತು. ಈ ಲೆಕ್ಕ ನೋಡಿ ಗೆಳತಿಯರೇ: ಪರೀಕ್ಷೆಗೆ ಮೊದಲು ಸಿಗುವವಳು ಬಸುರಿ ಹೆಂಗಸು, ಹಾಗಾಗಿ ದೇಶದ ತುಂಬ ಅಪರಾಧಿಯಾಗುವವಳೂ ಅವಳೇ. ಗಂಡ ಎರಡು ವರ್ಷ ಹಾಸಿಗೆ ಹಿಡಿದ. ತವರಿನಿಂದ ತಂದ ಬಂಗಾರವೆಲ್ಲ ಅವನ ಔಷಧಕ್ಕೆ ಹೋಯಿತು. ಔಷಧ ಎಂದರೆ ಸರಕಾರದ ಪುಕ್ಕಟೆ ಗುಳಿಗೆ ಅಲ್ಲ. ಊರಿಗೆ ಗೊತ್ತಾಗಬಾರದು ಎಂದು ದೂರದ ಊರುಗಳ ಖಾಸಗಿ ದವಾಖಾನೆ, ನಾಟಿ ಮದ್ದು, ದೇವರ ಹರಕೆ. ಅವನು ತೀರಿಕೊಂಡ ಹದಿಮೂರನೆಯ ದಿನ ಮುಗಿಯುವುದರೊಳಗೆ ಅತ್ತೆ ಇವಳ ತಾಟು, ಚರಿಗೆ ಬೇರೆ ಮಾಡಿದಳು. ಕೂಸನ್ನು ಎತ್ತಿಕೊಂಡು ತವರಿಗೆ ಬಂದಳು. ತವರಿನಲ್ಲಿ ಅಣ್ಣನ ಹೆಂಡತಿ ಇದ್ದಳು, ಅವಳಿಗೂ ಮಕ್ಕಳಿದ್ದವು.

ಈ ಹೆಣ್ಣುಮಗಳನ್ನು ಬದುಕಿಸಿದ್ದು ನಾನೂ ಅಲ್ಲ, ಡಾಕ್ಟರೂ ಅಲ್ಲ. ಹಾವೇರಿಯ ಜಿಲ್ಲಾ ಆಸ್ಪತ್ರೆಯ ಎಆರ್‌ಟಿ ಕೇಂದ್ರದ ಬೆಂಚಿನ ಮೇಲೆ ಪಕ್ಕದಲ್ಲಿ ಕುಳಿತಿದ್ದ ಇನ್ನೊಬ್ಬ ಹೆಂಗಸು. ಅವಳಿಗೂ ಅದೇ ಸೋಂಕು. "ನಾ ಹನ್ನೊಂದು ವರ್ಷದಿಂದ ಗುಳಿಗಿ ತಗೋಳಾಕತ್ತೇನಿ ತಂಗೀ, ನೋಡು, ನಿನಗಿಂತ ದಪ್ಪ ಅದೀನಿ" ಎಂದಳಂತೆ. ನನ್ನ ಮುಂದೆ ಈ ಹುಡುಗಿ ಹೇಳಿದ ಮಾತು: "ಅಕ್ಕಾರ, ಡಾಕ್ಟ್ರು ಹೇಳಿದ್ದು ಕಿವ್ಯಾಗ ಹೋತ್ರಿ. ಅಕಿ ಹೇಳಿದ್ದು ಹೊಟ್ಯಾಗ ಇಳೀತು." ಆ ಹೆಂಗಸು ಗುಳಿಗೆಯ ಮಾತಷ್ಟೇ ಆಡಲಿಲ್ಲ. ನಿನ್ನ ಗಂಡನ ಹೊಲದ ಉತಾರ ಯಾರ ಹೆಸರಿನಲ್ಲಿದೆ, ಪೌತಿ ಖಾತೆ ಆಯಿತೇ, ವಂಶವೃಕ್ಷದಲ್ಲಿ ನಿನ್ನ ಹೆಸರು ಬರೆಸಿದ್ದಾರೋ ಇಲ್ಲವೋ ಎಂದು ಕೇಳಿದಳು. ಬರೆಸಿರಲಿಲ್ಲ. ಸತ್ತವನಿಗೆ ಹೆಂಡತಿಯೇ ಇಲ್ಲ ಎನ್ನುವಂತೆ ಅತ್ತೆ ಮತ್ತು ಮೈದುನರ ಹೆಸರಿನಲ್ಲಿ ಕಾಗದ ತಯಾರಾಗುತ್ತಿತ್ತು. ಇಬ್ಬರೂ ನಾಡ ಕಚೇರಿಗೆ ಹೋಗಿ ತಕರಾರು ಬರೆದುಕೊಟ್ಟರು.

ಈ ಸಂಚಿಕೆಯಲ್ಲಿ ನಾನು ವಾದಿಸಬೇಕೆಂದಿರುವುದು ಇಷ್ಟೇ: ಎಚ್‌ಐವಿ ಇರುವ ಹೆಂಗಸರಿಗೆ ಇಂಥ ಕೆಲಸಕ್ಕೆ ತರಬೇತಿ ಕೊಡಬೇಕು, ಕೂಲಿ ಕೊಡಬೇಕು, ಮತ್ತು ಆ ಕೆಲಸ ಆಸ್ಪತ್ರೆಯ ಬೆಂಚಿನ ಮೇಲೆ ಮಾತ್ರ ನಡೆಯದೆ ನಮ್ಮ ಸಂಘಗಳ ಒಳಗೆ ನಡೆಯಬೇಕು. ಇಲಾಖೆಯ ಕಾಗದದಲ್ಲಿ ಇವರಿಗೆ ಪೀರ್ ಕೌನ್ಸೆಲರ್ ಎನ್ನುತ್ತಾರೆ. ನಮ್ಮ ಕಡೆ ಅಕ್ಕ ಎಂದರೆ ಸಾಕು.

ಇದು ಹೊಸ ವಿಚಾರವೇನೂ ಅಲ್ಲ. ಭಾರತದಲ್ಲಿ ಎಚ್‌ಐವಿ ಮೊದಲು ಪತ್ತೆಯಾದದ್ದು 1986ರಲ್ಲಿ, ಚೆನ್ನೈನಲ್ಲಿ, ಡಾ. ಸುನೀತಿ ಸೊಲೊಮನ್ ಮತ್ತು ಅವರ ವಿದ್ಯಾರ್ಥಿನಿ ಡಾ. ಸೆಲ್ಲಪ್ಪನ್ ನಿರ್ಮಲಾ ಅವರ ಪರೀಕ್ಷೆಗಳಿಂದ. ಪತ್ತೆ ಮಾಡಿದವರೂ ಹೆಂಗಸರು, ಪತ್ತೆಯಾದದ್ದೂ ಲೈಂಗಿಕ ಕಾರ್ಯಕರ್ತೆಯರ ರಕ್ತದಲ್ಲಿ. ಅಂದಿನಿಂದ ಅದು ಅವರ ರೋಗ ಎಂಬ ಮುದ್ರೆ ಬಿತ್ತು. ಆದರೆ ಕೇಳಿ, ಎದೆಗುಂದದೆ ಮೊದಲು ಸಂಘಟಿತರಾದವರೂ ಅವರೇ. 1992ರಿಂದ ಕೋಲ್ಕತ್ತದ ಸೋನಾಗಾಛಿಯಲ್ಲಿ ಡಾ. ಸ್ಮರಜಿತ್ ಜಾನಾ ಆ ಹೆಂಗಸರಿಗೇ ತರಬೇತಿ ಕೊಟ್ಟು ಓಣಿ ಓಣಿಗೆ ಕಳಿಸಿದರು. ನಮ್ಮ ಗಡಿಯಾಚೆ ಸಾಂಗಲಿಯಲ್ಲಿ ಮೀನಾ ಶೇಷು ಅವರ ಸಂಗ್ರಾಮ್ ಸಂಸ್ಥೆಯೂ ಅದೇ ದಾರಿ ಹಿಡಿಯಿತು. ಮೈಸೂರಿನ ಆಶೋದಯ ಸಮಿತಿಯನ್ನು ಲೈಂಗಿಕ ಕಾರ್ಯಕರ್ತರೇ ನಡೆಸುತ್ತಾರೆ. ಪೊಲೀಸರ ಹೊಡೆತ, ಗೂಂಡಾಗಳ ಕಾಟ, ಆಸ್ಪತ್ರೆಯ ಅವಮಾನ, ಇವನ್ನೆಲ್ಲ ಎದುರಿಸುವ ಪಾಠವನ್ನು ಅವರು ತಾವೇ ಬರೆದುಕೊಂಡರು.

ಮರ್ಯಾದೆಯ ಮನೆಯ ಗೃಹಿಣಿಗೆ ಆ ಪಾಠ ಬಹಳ ತಡವಾಗಿ ಸಿಕ್ಕಿತು. ಅವಳಿಗೆ ಓಣಿ ಇಲ್ಲ, ಸಂಘ ಇಲ್ಲ, ನಾಲ್ಕು ಗೋಡೆ ಇದೆ. ನಮ್ಮ ಸಮಾಜವೂ ಸೋಂಕಿತ ಹೆಂಗಸರನ್ನು ಎರಡು ಸಾಲಿನಲ್ಲಿ ಕೂರಿಸಿತು: ಗಂಡನಿಂದ ಬಂದ ಪಾಪದವಳು ಒಂದು ಸಾಲು, ತಾನೇ ತಂದುಕೊಂಡವಳು ಇನ್ನೊಂದು ಸಾಲು. ಮೊದಲನೆಯವಳಿಗೆ ಕನಿಕರ, ಎರಡನೆಯವಳಿಗೆ ಉಗುಳು. ತರಬೇತಿಗೆ ಬಂದ ಹೆಂಗಸರ ಬಾಯಲ್ಲೂ ಮೊದಲ ದಿನ ಇದೇ ಮಾತು ಇರುತ್ತದೆ. "ನಾವು ಅಂಥವ್ರಲ್ರೀ" ಎನ್ನುತ್ತಾರೆ. ದೇವದಾಸಿ ಕುಟುಂಬದಿಂದ ಬಂದ ಒಬ್ಬಳು ಹಿಂದಿನ ಸಾಲಿನಲ್ಲಿ ತಲೆ ತಗ್ಗಿಸಿ ಕುಳಿತಿರುತ್ತಾಳೆ. ಮುತ್ತು ಕಟ್ಟುವುದನ್ನು ನಮ್ಮ ರಾಜ್ಯದಲ್ಲಿ 1982ರ ಕಾಯ್ದೆಯೇ ನಿಷೇಧಿಸಿದ್ದರೂ ಆ ಹೆಣ್ಣುಮಕ್ಕಳ ಮೇಲಿನ ಕಳಂಕವನ್ನು ಯಾವ ಕಾಯ್ದೆಯೂ ತೊಳೆದಿಲ್ಲ. ಈ ಎರಡು ಸಾಲನ್ನು ಮುರಿಯದ ತರಬೇತಿ ನನ್ನ ಮಟ್ಟಿಗೆ ತರಬೇತಿಯೇ ಅಲ್ಲ.

1998ರಲ್ಲಿ ಚೆನ್ನೈನಲ್ಲಿ ಪಾಸಿಟಿವ್ ವಿಮೆನ್ ನೆಟ್‌ವರ್ಕ್ ಹುಟ್ಟಿತು. ಅದನ್ನು ಕಟ್ಟಿದ ಪಿ. ಕೌಸಲ್ಯಾ ತಮಿಳುನಾಡಿನ ನಾಮಕ್ಕಲ್ ಕಡೆಯವರು, ಲಾರಿ ಓಡಿಸುವವನೊಂದಿಗೆ ಮದುವೆಯಾಗಿ ಸೋಂಕು ಪಡೆದವರು, ಚಿಕ್ಕ ವಯಸ್ಸಿನಲ್ಲೇ ವಿಧವೆಯಾದವರು. ತಮ್ಮ ಹೆಸರು, ಮುಖ ಬಚ್ಚಿಡದೆ ಎದ್ದು ನಿಂತು ಮಾತಾಡಿದರು. ಇದಕ್ಕೂ ಹನ್ನೊಂದು ವರ್ಷ ಮೊದಲು, 1987ರಲ್ಲಿ, ಆಫ್ರಿಕಾದ ಉಗಾಂಡದಲ್ಲಿ ನೊಎರಿನ್ ಕಲೀಬಾ ಎಂಬಾಕೆ ಗಂಡ ಏಡ್ಸ್‌ನಿಂದ ತೀರಿಕೊಂಡ ವರ್ಷವೇ ಟಾಸೊ ಎಂಬ ಸಂಸ್ಥೆ ಶುರು ಮಾಡಿದ್ದರು. ಸೋಂಕಿತರೂ ಅವರ ಮನೆಯವರೂ ಒಬ್ಬರನ್ನೊಬ್ಬರು ನೋಡಿಕೊಳ್ಳುವುದು, ಅದೇ ಅದರ ಬಂಡವಾಳ. 1994ರ ಡಿಸೆಂಬರ್ 1ರಂದು ಪ್ಯಾರಿಸ್‌ನಲ್ಲಿ 42 ದೇಶಗಳ ಸರಕಾರಗಳು ಸೇರಿ, ಈ ರೋಗದ ಬಗ್ಗೆ ಏನೇ ನಿರ್ಧಾರ ಮಾಡಿದರೂ ರೋಗ ಇರುವವರ ಪಾಲು ಅದರಲ್ಲಿ ಇರಬೇಕು ಎಂದು ಸಹಿ ಹಾಕಿದವು. ಸಹಿ ಹಾಕುವುದು ಸುಲಭ.

ಆಗ ಔಷಧ ಇರಲಿಲ್ಲ. ಇದ್ದರೂ ಬಡವರ ಕೈಗೆ ಎಟುಕುತ್ತಿರಲಿಲ್ಲ. ನಮ್ಮ ದೇಶದಲ್ಲಿ ಪುಕ್ಕಟೆ ಎಆರ್‌ಟಿ ಶುರುವಾದದ್ದು 2004ರ ಏಪ್ರಿಲ್ 1ರಂದು. ಮೊದಲು ಆರಿಸಿದ ಆರು ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಮೊದಲು ಬೆಂಗಳೂರು, ಆಮೇಲೆ ಹುಬ್ಬಳ್ಳಿ, ಅದರ ನಂತರ ಜಿಲ್ಲೆ ಜಿಲ್ಲೆಗೂ ಬಂತು. ಹಿಂದೆ ರಕ್ತದ ಎಣಿಕೆ ಕಡಿಮೆಯಾಗುವವರೆಗೆ ಕಾಯಿಸಿ ಗುಳಿಗೆ ಕೊಡುತ್ತಿದ್ದರು. 2017ರಿಂದ ಸೋಂಕು ಗೊತ್ತಾದ ಎಲ್ಲರಿಗೂ ಕೊಡಬೇಕೆಂಬ ನಿಯಮ ಬಂದಿದೆ. ಗುಳಿಗೆ ತಪ್ಪದೆ ತೆಗೆದುಕೊಂಡು ರಕ್ತದಲ್ಲಿ ವೈರಾಣು ಪರೀಕ್ಷೆಗೆ ಸಿಗದಷ್ಟು ಕಡಿಮೆಯಾಗಿ ಹಾಗೆಯೇ ಉಳಿದರೆ, ಕೂಡುವುದರಿಂದ ಗಂಡನಿಗಾಗಲಿ ಹೆಂಡತಿಗಾಗಲಿ ಸೋಂಕು ಹರಡುವುದಿಲ್ಲ. ಚಿಕಿತ್ಸೆಯೇ ಇಲ್ಲದಿದ್ದರೆ ನೂರು ತಾಯಂದಿರಲ್ಲಿ 15ರಿಂದ 45 ಮಂದಿಯ ಕೂಸಿಗೆ ಸೋಂಕು ತಗಲಬಹುದು; ತಾಯಿ ಸರಿಯಾಗಿ ಗುಳಿಗೆ ತೆಗೆದುಕೊಂಡರೆ ಅದು 5ಕ್ಕಿಂತ ಕೆಳಗೆ ಇಳಿಯುತ್ತದೆ. ಒಂದೇ ತಾಟಿನಲ್ಲಿ ಉಂಡರೆ, ಒಂದೇ ಹಾಸಿಗೆಯಲ್ಲಿ ಮಕ್ಕಳನ್ನು ಮಲಗಿಸಿಕೊಂಡರೆ, ಬಟ್ಟೆ ಒಗೆದರೆ ಬರುವುದಿಲ್ಲ. ಇದು ನಿಮಗೆ ಗೊತ್ತಿರುವುದೇ. ಗೊತ್ತಿದ್ದೂ ತಾಟು ಬೇರೆ ಇಡುತ್ತಾರೆ ಎಂಬುದೇ ನನ್ನ ಮಾತು. ತಾಟು ಬೇರೆ ಇಡುವುದು ಅಜ್ಞಾನದಿಂದಲ್ಲ. ಆಸ್ತಿಯ ಪಾಲು ಕೇಳುವವಳನ್ನು ಹೊರಗೆ ಹಾಕಲು ತಾಟು ಒಂದು ನೆವ. ಮನೆಯೊಳಗಿನ ಹಿಂಸೆಯನ್ನು ಬಲ್ಲ ನಿಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ದೇಶದಲ್ಲಿ ಇಂದು ಎಚ್‌ಐವಿ ಇರುವವರು ಸುಮಾರು 25 ಲಕ್ಷ ಮಂದಿ, ಅವರಲ್ಲಿ ಶೇಕಡಾ 40ಕ್ಕಿಂತ ಹೆಚ್ಚು ಹೆಂಗಸರು. ಮಹಾರಾಷ್ಟ್ರ, ಆಂಧ್ರಪ್ರದೇಶ ಬಿಟ್ಟರೆ ಹೆಚ್ಚು ಜನ ಇರುವುದು ನಮ್ಮ ಕರ್ನಾಟಕದಲ್ಲಿ. ಸಾವು ಕಡಿಮೆಯಾಗಿದೆ, ಹೊಸ ಸೋಂಕೂ ಕಡಿಮೆಯಾಗಿದೆ. ಹಾಗಾಗಿ ಸುದ್ದಿಯೂ ಕಡಿಮೆಯಾಗಿದೆ, ಹಣವೂ ಕಡಿಮೆಯಾಗಿದೆ. ಹಿಂದೆ ವಿದೇಶದ ನೆರವಿನಿಂದ ದೊಡ್ಡ ದೊಡ್ಡ ಯೋಜನೆ ಬಂದವು. ಸಮಸ್ತ ಎಂಬ ಯೋಜನೆ 2006ರಲ್ಲಿ ಶುರುವಾಗಿ ಕೆಲವು ವರ್ಷ ಕರ್ನಾಟಕದ ಹಲವು ಜಿಲ್ಲೆಗಳಲ್ಲಿ ನಡೆದು ಮುಗಿಯಿತು. ಯೋಜನೆಗಳು ಮುಗಿಯುತ್ತವೆ, ತರಬೇತಿ ಪಡೆದು ಮಾತು ಕಲಿತ ಹೆಂಗಸರು ಮುಗಿಯುವುದಿಲ್ಲ. ಅವರು ಮತ್ತೆ ಕೂಲಿಗೆ ಹೋದರು. ಅವರ ತಲೆಯಲ್ಲಿರುವ ಜ್ಞಾನ ನಮ್ಮ ಸಂಘಗಳ ಪಕ್ಕದಲ್ಲೇ ಬೀಡು ಬಿದ್ದಿದೆ.

ತರಬೇತಿ ಎಂದರೆ ಏನು? ನಾನು ಹಿಂದಿನ ಬೆಂಚಿನಲ್ಲಿ ಕುಳಿತು ನೋಡಿದ ಒಂದನ್ನು ಹೇಳುತ್ತೇನೆ. ಎಂಟು ಹತ್ತು ಹೆಂಗಸರು, ಹಾಸಿದ ಜಮಖಾನೆ. ರೋಗದ ಪಾಠ ಬೇಗ ಮುಗಿಯಿತು. ವರ್ಷಗಟ್ಟಲೆ ಗುಳಿಗೆ ನುಂಗಿದವರಿಗೆ ಅದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಆಮೇಲೆ ಆಟ ಆಡಿಸಿದರು. ಒಬ್ಬಳು ಅತ್ತೆ, ಒಬ್ಬಳು ಸೊಸೆ, ಒಬ್ಬಳು ಸಹಾಯಕ್ಕೆ ಬಂದ ಅಕ್ಕ. ಅತ್ತೆಯಾದವಳು ಎಷ್ಟು ಚೆನ್ನಾಗಿ ಬೈದಳೆಂದರೆ ಎಲ್ಲರೂ ನಕ್ಕರು. ತನ್ನ ಅತ್ತೆಯ ಮಾತನ್ನೇ ಹಾಗೇ ಒಪ್ಪಿಸುತ್ತಿದ್ದಾಳೆ ಎಂದು ಗೊತ್ತಾದಾಗ ನಗು ನಿಂತಿತು. "ಹೊರಗ ನಡಿ, ನನ್ನ ಮಗನ್ನ ತಿಂದಾಕಿ" ಎಂಬಲ್ಲಿಗೆ ಬಂತು. ಈಗ ಅಕ್ಕ ಏನು ಮಾಡಬೇಕು? ಹೊಸದಾಗಿ ಬಂದವಳೊಬ್ಬಳು, "ಪೊಲೀಸ್ರಿಗೆ ಹೇಳ್ತೀನಿ ಅನ್ಬೇಕು" ಎಂದಳು. ಇನ್ನೊಬ್ಬಳು, ಐವತ್ತರ ಹತ್ತಿರದವಳು, ಮೆಲ್ಲಗೆ ಕೇಳಿದಳು: "ಹಂಗಂದ್ರ ಇವತ್ತು ರಾತ್ರಿ ಅಕಿ ಎಲ್ಲಿ ಮಲಗಬೇಕವಾ?"

ಮೂವತ್ತು ವರ್ಷ ನಾನು ಕಾಲೇಜಿನಲ್ಲಿ ಕುಟುಂಬ ಎಂಬ ಸಂಸ್ಥೆಯ ಪಾಠ ಮಾಡಿದ್ದೇನೆ. ಯಾವ ಪುಸ್ತಕದಲ್ಲೂ ಈ ಪ್ರಶ್ನೆ ಇಲ್ಲ. ಆ ಮಧ್ಯಾಹ್ನವೆಲ್ಲ ಅದರ ಸುತ್ತಲೇ ಮಾತು ನಡೆಯಿತು. ಕೈಯಲ್ಲಿ ಎಷ್ಟು ದಿನದ ಗುಳಿಗೆ ಇದೆ ಎಂದು ಮೊದಲು ಕೇಳಬೇಕು, ಹೊರಗೆ ಹಾಕುವಾಗ ಡಬ್ಬಿ ಒಳಗೇ ಉಳಿದುಹೋಗಿರುತ್ತದೆ. ಅಕ್ಕಿಯ ಡಬರಿಯಲ್ಲಿ, ಹಾಸಿಗೆಯ ಸುರುಳಿಯಲ್ಲಿ ಬಚ್ಚಿಟ್ಟಿರುತ್ತಾಳೆ. ಆಸ್ಪತ್ರೆಯ ಪುಸ್ತಕ, ಆಧಾರ್, ರೇಷನ್ ಕಾರ್ಡು, ಗಂಡನ ಮರಣ ಪ್ರಮಾಣ ಪತ್ರ ಯಾರ ಟ್ರಂಕಿನಲ್ಲಿವೆ? ಆ ಮನೆಯಲ್ಲಿ ಒಳ್ಳೆಯ ಮಾತಾಡುವವರು ಒಬ್ಬರಾದರೂ ಇದ್ದಾರೆಯೇ? ಮಾವನೋ, ನೆಗೆಣ್ಣಿಯೋ? ಇದ್ದರೆ ಅವರ ಕಡೆಯಿಂದ ಶುರು ಮಾಡಬೇಕು. ಮಕ್ಕಳನ್ನು ಬಿಟ್ಟು ಬರಬಾರದು, ಬಿಟ್ಟು ಬಂದರೆ ಅದೇ ನಾಳೆ ಕೋರ್ಟಿನಲ್ಲಿ ಅವಳ ಮೇಲೆ ಮಾತಾಗುತ್ತದೆ. ರಾಗಿ ಬೀಸಿದ ಹಾಗೆ ಒಂದೊಂದೇ ಹಿಡಿ ಹಾಕಿ ಇದನ್ನೆಲ್ಲ ಆ ಹೆಂಗಸರು ತಮ್ಮ ತಮ್ಮ ಬಾಳಿನಿಂದ ತೆಗೆದರು. ಪಾಠ ಮಾಡಲು ಬಂದಿದ್ದ ಯುವತಿ ಬರೆದುಕೊಳ್ಳುತ್ತಿದ್ದಳು.

ಇಂಥವರನ್ನು ಇಂದು ಎಲ್ಲಿ ಬಳಸುತ್ತಿದ್ದಾರೆ? ಗುಳಿಗೆ ತಪ್ಪಿಸಿದವರ ಪಟ್ಟಿ ಕೊಟ್ಟು ಹುಡುಕಿಕೊಂಡು ಬಾ ಎಂದು ಕಳಿಸುತ್ತಾರೆ. ಅದೂ ಬೇಕಾದ ಕೆಲಸವೇ. ಆದರೆ ಅವಳು ಗುಳಿಗೆ ತಪ್ಪಿಸಿದ್ದು ಏಕೆ ಎಂದು ಕೇಳಿದರೆ ಉತ್ತರ ಬಹಳ ಸಲ ಹೊಡೆತ, ಹಸಿವು, ಬಸ್ಸಿನ ದುಡ್ಡು. ಐರಣಿಯಿಂದ ರಾಣೆಬೆನ್ನೂರಿಗೆ ಒಂದು ಬಸ್ಸು, ಅಲ್ಲಿಂದ ಹಾವೇರಿಗೆ ಇನ್ನೊಂದು. 2023ರ ಜೂನ್‌ನಿಂದ ಸರಕಾರಿ ಬಸ್ಸು ಹೆಂಗಸರಿಗೆ ಪುಕ್ಕಟೆಯಾದ ಮೇಲೆ ಗಂಡನ ಮುಂದೆ ಕೈಚಾಚದೆ ಹೋಗಿ ಬರುವುದು ಸಾಧ್ಯವಾಗಿದೆ. ಆ ಯೋಜನೆಯನ್ನು ಆಡಿಕೊಳ್ಳುವ ಗಂಡಸರು ಇದನ್ನು ಒಮ್ಮೆ ಯೋಚಿಸಲಿ. ಇನ್ನೂ ಒಂದು ಬಳಕೆ ಇದೆ, ಅದು ನನಗೆ ಹೇಸಿಗೆ ಹುಟ್ಟಿಸುತ್ತದೆ. ಡಿಸೆಂಬರ್ 1ರಂದು ವೇದಿಕೆಗೆ ಕರೆಸಿ, ನಿನ್ನ ಕತೆ ಹೇಳಮ್ಮ ಎನ್ನುವುದು. ಅವಳು ಅಳುತ್ತಾಳೆ, ಸಾಹೇಬರು ಕಣ್ಣೊರೆಸಿಕೊಳ್ಳುತ್ತಾರೆ, ಶಾಲು ಹೊದಿಸುತ್ತಾರೆ. ಕತೆ ಅವಳ ಸ್ವತ್ತು. ಎಲ್ಲಿ, ಎಷ್ಟು, ಯಾರ ಮುಂದೆ ಹೇಳಬೇಕು ಎಂಬುದನ್ನು ಅವಳೇ ತೀರ್ಮಾನಿಸಬೇಕು. ಹೇಳದೆ ಇರುವುದನ್ನು ಕಲಿಸುವುದೂ ತರಬೇತಿಯ ಒಂದು ಭಾಗ.

ಇಲ್ಲಿಯೇ ಒಂದು ದೊಡ್ಡ ತೊಡಕು ಬರುತ್ತದೆ. ಎಚ್‌ಐವಿ ಕೆಲಸದ ಅಕ್ಕ ಎಂದು ಗುರುತಾದವಳು ಒಂದು ಮನೆಯ ಬಾಗಿಲಿಗೆ ಬಂದರೆ ಆ ಮನೆಯವರಿಗೆ ಸೋಂಕು ಇದೆ ಎಂದು ಓಣಿಗೆಲ್ಲ ಡಂಗುರ ಸಾರಿದಂತೆ. ಅದಕ್ಕೇ ಎಷ್ಟೋ ಹೆಂಗಸರು "ನಮ್ಮ ಮನೀಗೆ ಬರಬ್ಯಾಡ್ರಿ" ಎಂದು ಕೈಮುಗಿಯುತ್ತಾರೆ. ರಾಣೆಬೆನ್ನೂರಿನ ಸಂತೆಯಲ್ಲೋ ಬಸ್ ನಿಲ್ದಾಣದಲ್ಲೋ ಭೇಟಿಯಾಗುತ್ತಾರೆ. ಇದಕ್ಕೆ ಪರಿಹಾರ ನಮ್ಮ ಕೈಯಲ್ಲೇ ಇದೆ. ಸಂಘದ ಒಕ್ಕೂಟಕ್ಕೆ ಇಬ್ಬರು ಮೂವರು ನೆರವಿನ ಅಕ್ಕಂದಿರು ಇರಲಿ. ಅವರು ಹೊಡೆತದ ಪ್ರಕರಣಕ್ಕೂ ಹೋಗಲಿ, ವರದಕ್ಷಿಣೆ ಜಗಳಕ್ಕೂ ಹೋಗಲಿ, ವಿಧವಾ ವೇತನದ ಅರ್ಜಿಗೂ ಹೋಗಲಿ, ಸಾಲದ ಕಂತಿಗೂ ಹೋಗಲಿ. ಅವರಲ್ಲಿ ಒಬ್ಬಳಿಗೆ ಸೋಂಕು ಇರುವುದು, ಅವಳು ತಾನಾಗಿ ಹೇಳದ ಹೊರತು, ಯಾರಿಗೂ ಗೊತ್ತಾಗಬೇಕಾಗಿಲ್ಲ. ಹತ್ತು ಬಾಗಿಲು ತಟ್ಟುವವಳು ಹನ್ನೊಂದನೆಯ ಬಾಗಿಲು ಏಕೆ ತಟ್ಟಿದಳು ಎಂದು ಓಣಿ ಕೇಳುವುದಿಲ್ಲ. ಎಚ್‌ಐವಿಯನ್ನು ಬೇರೆ ಕೋಣೆಯಲ್ಲಿ ಇಟ್ಟದ್ದರಿಂದಲೇ ಈ ಹೆಂಗಸರು ಒಂಟಿಯಾದರು ಎಂದು ನಾನು ಹೇಳುವುದು ಇದೇ ಅರ್ಥದಲ್ಲಿ.

ಇನ್ನು ಕಾನೂನು. ಎಚ್‌ಐವಿ ಮತ್ತು ಏಡ್ಸ್ ತಡೆ ಹಾಗೂ ನಿಯಂತ್ರಣ ಕಾಯ್ದೆ 2017ರಲ್ಲಿ ಆಯಿತು, 2018ರ ಸೆಪ್ಟೆಂಬರ್ 10ರಂದು ಜಾರಿಗೆ ಬಂತು. ನಮ್ಮ ಹೋರಾಟಕ್ಕೆ ಅದರಲ್ಲಿ ಒಳ್ಳೆಯ ಆಯುಧಗಳಿವೆ. ಒಪ್ಪಿಗೆ ಇಲ್ಲದೆ ಪರೀಕ್ಷೆ ಮಾಡುವಂತಿಲ್ಲ. ಒಪ್ಪಿಗೆ ಇಲ್ಲದೆ ಅವಳಿಗೆ ಸೋಂಕು ಇದೆ ಎಂದು ಯಾರೂ ಹೊರಗೆ ಹೇಳುವಂತಿಲ್ಲ. ಗಂಡನಿಗೆ ತಿಳಿಸಿದರೆ ಹೊಡೆತ, ಹೊರಗೆ ಹಾಕುವುದು ನಡೆಯಬಹುದು ಎಂಬ ಹೆದರಿಕೆಗೆ ಕಾರಣವಿದ್ದರೆ, ಅದರಲ್ಲೂ ಹೆಂಗಸಿನ ವಿಷಯದಲ್ಲಿ, ವೈದ್ಯರಾಗಲಿ ಸಮಾಲೋಚಕರಾಗಲಿ ಅವನಿಗೆ ತಿಳಿಸಬಾರದು ಎಂದು ಕಾಯ್ದೆಯೇ ಹೇಳುತ್ತದೆ. 29ನೆಯ ಕಲಮಿನ ಪ್ರಕಾರ ಬಾಳಿದ ಮನೆಯಲ್ಲಿ ಇರುವ ಹಕ್ಕು ಅವಳದು, ಆ ಮನೆಯ ಯಾವ ಭಾಗದಿಂದಲೂ ಅವಳನ್ನು ಹೊರಗಿಡುವಂತಿಲ್ಲ, ಅಲ್ಲಿಯ ಸೌಲಭ್ಯಗಳನ್ನು ಎಲ್ಲರಂತೆ ಬಳಸಬಹುದು. ತಾಟು ಚರಿಗೆ ಬೇರೆ ಮಾಡಿದ ಅತ್ತೆಗೆ ಇದನ್ನು ಓದಿ ಹೇಳಬೇಕು. ಜೀವನಾಂಶದ ಅರ್ಜಿಯಲ್ಲಿ ಔಷಧೋಪಚಾರದ ಖರ್ಚನ್ನೂ ನ್ಯಾಯಾಲಯ ಲೆಕ್ಕಕ್ಕೆ ಹಿಡಿಯಬೇಕು. ಹೆಸರು ಬಯಲಾಗುತ್ತದೆ ಎಂದು ಕೋರ್ಟಿಗೆ ಹೋಗಲು ಹೆದರುವವಳು ಬೇರೆ ಹೆಸರಿನಿಂದ ಪ್ರಕರಣ ನಡೆಸಲು, ಮುಚ್ಚಿದ ಬಾಗಿಲಿನಲ್ಲಿ ವಿಚಾರಣೆ ಮಾಡಲು ಕೇಳಬಹುದು.

ಇದರ ಜೊತೆಗೆ ನೀವು ಬಲ್ಲ ಕೌಟುಂಬಿಕ ಹಿಂಸೆ ಕಾಯ್ದೆ ಇದೆ, 2006ರ ಅಕ್ಟೋಬರ್‌ನಿಂದ ಜಾರಿಯಲ್ಲಿದೆ. ಅದರ ರಕ್ಷಣಾಧಿಕಾರಿ ಎಂದರೆ ನಮ್ಮಲ್ಲಿ ತಾಲೂಕಿನ ಸಿಡಿಪಿಓ ಅವರೇ, ಅಂಗನವಾಡಿಯ ಮೂಲಕ ನಿಮಗೆ ಪರಿಚಿತರು. ಗಂಡ ಸತ್ತವಳಿಗೆ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಮಕ್ಕಳಿಗೆ, ಅತ್ತೆಗೆ ಸಮನಾಗಿ ಗಂಡನ ಪಾಲಿನಲ್ಲಿ ಹಕ್ಕಿದೆ. ಸೋಂಕು ಇದೆ ಎಂದು ಆ ಹಕ್ಕು ಹೋಗುವುದಿಲ್ಲ. ಹೆಂಗಸರಿಗೆ ಆದಾಯದ ಮಿತಿ ಇಲ್ಲದೆ ಪುಕ್ಕಟೆ ವಕೀಲರು ಸಿಗುತ್ತಾರೆ, ತಾಲೂಕು ಕೋರ್ಟಿನ ಕಾನೂನು ಸೇವಾ ಸಮಿತಿಯಲ್ಲಿ ಕೇಳಬೇಕು. ಎಚ್‌ಐವಿ ಇರುವ ಮಹಿಳೆಯರಿಗೆಂದೇ ಮಹಿಳಾ ಅಭಿವೃದ್ಧಿ ನಿಗಮ ಧನಶ್ರೀ ಎಂಬ ಸಾಲದ ಯೋಜನೆ ತಂದಿತು. ಇಷ್ಟೆಲ್ಲ ಕಾಗದದ ಮೇಲೆ ಇದೆ. ಕಚೇರಿಯ ಮೆಟ್ಟಿಲು ಹತ್ತುವಾಗ ಪಕ್ಕದಲ್ಲಿ ಒಬ್ಬಳು ಇದ್ದರೆ ಮಾತ್ರ ಕಾಗದ ಕೈಗೆ ಬರುತ್ತದೆ. ಆ ಒಬ್ಬಳನ್ನು ತಯಾರು ಮಾಡುವುದೇ ತರಬೇತಿ.

ಮದುವೆಗೆ ಮುಂಚೆ ಎಲ್ಲರಿಗೂ ಕಡ್ಡಾಯ ಪರೀಕ್ಷೆ ಮಾಡಿಸಿಬಿಟ್ಟರೆ ಆಯಿತಲ್ಲ ಎಂದು ಸಂಘದ ಸಭೆಗಳಲ್ಲಿ ಯಾರಾದರೂ ಹೇಳಿಯೇ ಹೇಳುತ್ತಾರೆ. ಕೇಳಲು ಚೆನ್ನಾಗಿದೆ. ಸೋಂಕು ತಗಲಿದ ಮೊದಲ ಕೆಲವು ವಾರ ಪರೀಕ್ಷೆಯಲ್ಲಿ ಕಾಣದೆ ಇರಬಹುದು, ಮದುವೆಯ ನಂತರವೂ ಬರಬಹುದು. ಇನ್ನು ಕಡ್ಡಾಯ ಎಂದರೆ ಹಣವುಳ್ಳವನು ಸರ್ಟಿಫಿಕೇಟು ಕೊಳ್ಳುತ್ತಾನೆ, ಹುಡುಗಿಯ ಫಲಿತಾಂಶ ಮಾತ್ರ ಊರಿಗೆ ಹಬ್ಬುತ್ತದೆ. ನಾನು ಕಡ್ಡಾಯದ ವಿರುದ್ಧ. ಆದರೆ ತೊಲೆ ಲೆಕ್ಕದಲ್ಲಿ ಬಂಗಾರದ ಮಾತಾಡುವ ಹಿರಿಯರು, ಇಬ್ಬರೂ ಒಪ್ಪಿ ಪರೀಕ್ಷೆ ಮಾಡಿಸಿಕೊಳ್ಳಲಿ ಎಂಬ ಮಾತನ್ನೂ ಅದೇ ಬಾಯಿಂದ ಆಡಬಹುದು.

ಈಗ ನಮ್ಮ ಸಂಘಗಳ ಮಾತಿಗೆ ಬರುತ್ತೇನೆ. ಸೋಂಕಿತ ಹೆಂಗಸೊಬ್ಬಳು ಎಮ್ಮೆ ಕೊಳ್ಳಲು ಸಾಲ ಕೇಳಿದಾಗ ಒಂದು ಸಂಘದಲ್ಲಿ ಎದ್ದ ಪ್ರಶ್ನೆ: "ಅಕಿ ಸತ್ರ ಸಾಲ ಯಾರು ಕಟ್ಟವ್ರು?" ಯಾರೂ ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ, ಎಲ್ಲರೂ ಒಬ್ಬರಿಗೊಬ್ಬರು ಜಾಮೀನು. ಅದಕ್ಕೆ ಉತ್ತರವೂ ಲೆಕ್ಕದಲ್ಲೇ ಇದೆ. ಬೇಗ ಚಿಕಿತ್ಸೆ ಶುರು ಮಾಡಿ ತಪ್ಪದೆ ಗುಳಿಗೆ ತೆಗೆದುಕೊಳ್ಳುವವಳ ಆಯುಷ್ಯ ಹೆಚ್ಚುಕಡಿಮೆ ಉಳಿದವರಷ್ಟೇ ಇರುತ್ತದೆ. ಸಕ್ಕರೆ ಕಾಯಿಲೆ, ರಕ್ತದೊತ್ತಡ ಇರುವ ಸದಸ್ಯರಿಗೆ ನಾವು ಸಾಲ ನಿಲ್ಲಿಸಿಲ್ಲ. ಆ ಸಭೆಯಲ್ಲಿ ಈ ಮಾತನ್ನು ಹೇಳಬೇಕಾದವಳು ನಾನಲ್ಲ. ಹತ್ತು ವರ್ಷ ಗುಳಿಗೆ ತಿಂದು, ಸಾಲ ತೀರಿಸಿ, ಮಗಳನ್ನು ಓದಿಸಿದವಳು ಎದ್ದು ನಿಂತು ಹೇಳಿದರೆ ಕೇಳುವವರ ಮುಖವೇ ಬೇರೆ.

ಕೂಲಿಯ ಮಾತು ಕೊನೆಗೆ ಇಟ್ಟಿದ್ದೇನೆ. ಸೇವೆ ಎಂದು ಹೇಳಿ ಹೆಂಗಸರಿಂದ ಪುಕ್ಕಟೆ ದುಡಿಸಿಕೊಳ್ಳುವುದರಲ್ಲಿ ಮನೆಗೂ ಸರಕಾರಕ್ಕೂ ಹೆಚ್ಚು ವ್ಯತ್ಯಾಸ ಇಲ್ಲ. ದಕ್ಷಿಣ ಆಫ್ರಿಕಾದ ಕೇಪ್ ಟೌನ್‌ನಲ್ಲಿ 2001ರಲ್ಲಿ ಶುರುವಾದ ಮದರ್ಸ್ ಟು ಮದರ್ಸ್ ಎಂಬ ಸಂಸ್ಥೆ ಸೋಂಕಿತ ತಾಯಂದಿರನ್ನೇ ಆಸ್ಪತ್ರೆಗಳಲ್ಲಿ ಬಸುರಿಯರ ಜೊತೆಗೆ ಇರಿಸಿತು, ಸಂಬಳ ಕೊಟ್ಟು ಇರಿಸಿತು. ಸಂಬಳ ತರುವವಳನ್ನು ಮನೆಯಲ್ಲಿ ಯಾರೂ ಅಷ್ಟು ಸುಲಭವಾಗಿ ಹೊರಗೆ ತಳ್ಳುವುದಿಲ್ಲ. ಒಕ್ಕೂಟವೊಂದರಲ್ಲಿ ಇಪ್ಪತ್ತು ಸಂಘಗಳಿದ್ದರೆ, ಒಂದೊಂದು ಸಂಘ ತಿಂಗಳಿಗೆ ನೂರು ರೂಪಾಯಿ ತೆಗೆದಿಟ್ಟರೆ ಎರಡು ಸಾವಿರವಾಗುತ್ತದೆ; ಒಬ್ಬ ಅಕ್ಕನಿಗೆ ತಿಂಗಳಲ್ಲಿ ಐದಾರು ದಿನದ ಕೂಲಿ. ಸಾಲದು, ಆದರೆ ಶುರು ಮಾಡಬಹುದು. ಉಳಿದದ್ದನ್ನು ಗ್ರಾಮ ಪಂಚಾಯಿತಿಯಿಂದ, ಜಿಲ್ಲೆಯ ಇಲಾಖೆಯಿಂದ ಕೇಳೋಣ. ಐರಣಿಯ ಸಂಘಗಳ ಮುಂದಿನ ತಿಂಗಳ ಸಭೆಯಲ್ಲಿ ಈ ಠರಾವು ಇಡುತ್ತೇನೆ. ನಿಮ್ಮ ಸಂಘದಲ್ಲೂ ಚರ್ಚೆ ಮಾಡಿ, ಒಪ್ಪದವರ ಮಾತನ್ನೂ ಬರೆದು ಕಳಿಸಿ. ಬರೆಯುವಾಗ ಸೋಂಕಿತರ ಹೆಸರು, ಊರು ಬರೆಯಬೇಡಿ, ಬರೆದಿದ್ದರೆ ಕಾಗದವನ್ನು ಅಚ್ಚು ಹಾಕುವುದಿಲ್ಲ. ವಂಶವೃಕ್ಷದಲ್ಲಿ ಹೆಸರು ಬಿಟ್ಟಾಗ ನಾಡ ಕಚೇರಿಗೆ ಕೊಡಬೇಕಾದ ತಕರಾರು ಅರ್ಜಿಯ ನಮೂನೆಯನ್ನು ಮುಂದಿನ ಸಂಚಿಕೆಯ ನಡುವಿನ ಹಾಳೆಯಲ್ಲಿ ಕೊಡುತ್ತೇವೆ, ಹರಿದು ಇಟ್ಟುಕೊಳ್ಳಲು ಅನುಕೂಲವಾಗುವಂತೆ.